ಮಾಲೆಂಗೆಯ ಪಥ್ಯ

ಮಾಲೆಂಗೆಯ ಕೈಗಳಿಗೆ ಸುಮ್ಮನಿರುವುದೆಂದರೇನೆಂದು ಗೊತ್ತಿರಲಿಲ್ಲ. ಎದುರಿಗೆ ಸಿಕ್ಕವರ ಯೋಗಕ್ಷೇಮ ಕೇಳುತ್ತಿರುವಾಗಲೇ ಅವನ ಬಲಗೈ ಅವರ ಹೆಗಲೇರಿ, ಅಲ್ಲಿಂದ ಕುತ್ತಿಗೆಯ ಹಿಂಬದಿಗೆ ಜಾರಿ, ಕಿವಿಯ ಬುಡದಿಂದ ಹೆಗಲಿನವರೆಗೆ ಎರಡು ಬೆರಳಿನಲ್ಲಿ ತಡಕಿಬಿಡುತ್ತಿತ್ತು. ಮದುವೆ ಮಾತುಕತೆಯಲ್ಲಿ ಹೆಣ್ಣಿನ ಕಡೆಯವರ ಕುತ್ತಿಗೆ ತಡಕಿ ಬೈಸಿಕೊಂಡಿದ್ದ. ಸಾವಿನ ಮನೆಯಲ್ಲಿ ಅಳುವವರನ್ನು ತಬ್ಬಿ ಸಮಾಧಾನ ಹೇಳುವಾಗಲೂ ತಡಕಿದ್ದ. "ಇವನ ಕೈಗೆ ಸಿಕ್ಕರೆ ಕೋಳಿಗೂ ಬಿಡುಗಡೆ ಇಲ್ಲ" ಎಂದು ಲುತ್ಷಿಮ ಹೊಳೆಯ ಎರಡೂ ದಡದ ಜನ ನಗುತ್ತಿದ್ದರು.

ನಗಲಿ. ಇಪ್ಪತ್ತಾರು ವರ್ಷದಿಂದ ಅದೇ ಅವನ ಕಸುಬು. ನಿದ್ದೆರೋಗ ಪತ್ತೆಹಚ್ಚುವ ತಂಡ ಊರಿಗೆ ಬಂದು, ಮಾವಿನ ಮರದ ಕೆಳಗೆ ಬೆಂಚು ಹಾಕಿ ಜನರನ್ನು ಸಾಲಾಗಿ ಕೂರಿಸಿದರೆ, ಹಿಂದೆ ನಿಂತು ಕುತ್ತಿಗೆ ನೋಡುವವನು ಮಾಲೆಂಗೆ. ತ್ಸೆತ್ಸೆ ನೊಣ ಕಚ್ಚಿ ರೋಗ ಒಳಹೊಕ್ಕವರ ಕುತ್ತಿಗೆಯಲ್ಲಿ, ಚರ್ಮದಡಿ, ನೆನೆದ ಅಲಸಂದೆ ಕಾಳಿನಂಥ ಗಂಟು ಜಾರಾಡುತ್ತದೆ. ಅವನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಆದರೂ ಸೂಕ್ಷ್ಮದರ್ಶಕದ ಮುಂದೆ ಕೂತ ಓದಿದವರು "ಏನೂ ಕಾಣ್ತಿಲ್ಲ ಅಪ್ಪಾ" ಎಂದಾಗ, "ಇನ್ನೊಂದ್ಸಲ ನೋಡಪ್ಪ, ನನ್ನ ಬೆರಳು ಸುಳ್ಳಾಡಾಕಿಲ್ಲ" ಎಂದು ಎಷ್ಟೋ ಸಲ ಅವರ ಬಾಯಿ ಮುಚ್ಚಿಸಿದ್ದ.

ಈ ಕೆಲಸಕ್ಕೆ ಅವನನ್ನು ತಂದದ್ದೂ ಆ ರೋಗವೇ. ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಅವನು ತಾಳೆಗೊನೆ ಕೊಯ್ಯುವವನಾಗಿದ್ದ. ಒಂದು ದಿನ ಮರದ ತುದಿಯಲ್ಲಿ, ಸೊಂಟದ ಪಟ್ಟಿಗೆ ಒರಗಿದವನು ಹಾಗೆಯೇ ತೂಕಡಿಸಿ, ಕೈಯಲ್ಲಿದ್ದ ಮಚ್ಚನ್ನು ಕೆಳಗೆ ಬಿಟ್ಟ. ಅದು ಕೆಳಗೆ ತಾಳೆಹಣ್ಣು ಹೆಕ್ಕುತ್ತಿದ್ದ ಹೆಂಗಸಿನ ಕಾಲಿನಿಂದ ಗೇಣು ದೂರದಲ್ಲಿ ನೆಟ್ಟುಕೊಂಡಿತು. ಮನೆಯವರು ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಆಗಿನ ಔಷಧ ಈಗಿನಂಥದ್ದಲ್ಲ. ಪ್ಲಾಸ್ಟಿಕ್ಕನ್ನೇ ತಿಂದುಹಾಕುತ್ತದೆಂದು ಗಾಜಿನ ಸಿರಿಂಜಿನಲ್ಲಿ ಕೊಡುತ್ತಿದ್ದರು. ನರದೊಳಗೆ ಮೆಣಸಿನಕಾಯಿ ಅರೆದು ಹೊಯ್ದಂತೆ ಉರಿಯುತ್ತಿತ್ತು. ಆ ಕೋಣೆಯಲ್ಲಿದ್ದ ಒಂಬತ್ತು ಜನರಲ್ಲಿ ಇಬ್ಬರು ಮೈ ಸೆಟೆದು ಸತ್ತರು. ಒಬ್ಬ ಸಾಯುವ ಹಿಂದಿನ ದಿನ ಮರಗೆಣಸಿನ ಹಿಟ್ಟಿನ ಬಿಸಿ ಮುದ್ದೆ, ಲುಕು, ತಿಂದಿದ್ದ, ಇನ್ನೊಬ್ಬ ಬಿಸಿಲಲ್ಲಿ ಕೂತು ತಲೆ ಬೋಳಿಸಿಕೊಂಡಿದ್ದ. ಮಾಲೆಂಗೆ ಇದನ್ನು ನೋಡಿದ. ಆಸ್ಪತ್ರೆಯ ಮುದುಕ ಕಾವಲುಗಾರ ಹೇಳಿದ ಪಥ್ಯವನ್ನು ಗಟ್ಟಿಯಾಗಿ ಹಿಡಿದ. ಬದುಕಿದ.

ಆರು ತಿಂಗಳ ಪಥ್ಯ ಅದು. ಬಿಸಿ ಅನ್ನಾಹಾರ ಬಾಯಿಗೆ ಸೋಕಬಾರದು, ಬಿಸಿಲು ತಲೆಗೆ ಸೋಕಬಾರದು, ಗುದ್ದಲಿ ಹಿಡಿಯಬಾರದು, ಗಂಡಹೆಂಡಿರು ಒಂದೇ ಹಾಸಿಗೆಯಲ್ಲಿ ಮಲಗಬಾರದು. ಗುಣವಾದ ಮೇಲೆ ಅವನು ತಂಡದ ಜನರೇಟರು ಹೊರಲು ಸೇರಿದ, ನೋಡುತ್ತ ನೋಡುತ್ತ ಕುತ್ತಿಗೆಯ ವಿದ್ಯೆ ಕಲಿತ. ರೋಗ ಸಿಕ್ಕವರಿಗೆಲ್ಲ ಪಥ್ಯ ಹೇಳುವ ಕೆಲಸವನ್ನು ಯಾರೂ ಕೊಡದಿದ್ದರೂ ತಾನೇ ವಹಿಸಿಕೊಂಡ. ಹೇಳುತ್ತ ಹೇಳುತ್ತ ಅದಕ್ಕೆ ತನ್ನದೂ ಎರಡು ಸೇರಿಸಿದ. ಖಾರ ಕೂಡದು, ಜಗಳ ಕೂಡದು. ಉಳಿದವರು ಆರು ತಿಂಗಳಿಗೆ ಬಿಟ್ಟರೆ ಮಾಲೆಂಗೆ ಬಿಡಲೇ ಇಲ್ಲ. ಅವನ ಹೆಂಡತಿ ಲುಕು ಕಲಸಿ ಎಲೆಯಲ್ಲಿ ಸುತ್ತಿ, ಅದು ತಣ್ಣಗಾಗಿ ಕಲ್ಲಿನಂತಾದ ಮೇಲೆಯೇ ಅವನ ಮುಂದಿಡುತ್ತಿದ್ದಳು. ಇಪ್ಪತ್ತೆಂಟು ವರ್ಷ ಅವನು ಹಬೆಯಾಡುವ ತುತ್ತು ನುಂಗಿದವನಲ್ಲ. ಟೋಪಿಯಿಲ್ಲದೆ ಅಂಗಳಕ್ಕೆ ಇಳಿದವನಲ್ಲ. ಅದು ಅವನಿಗೆ ಕಷ್ಟವಾಗಿರಲಿಲ್ಲ, ಹೆಮ್ಮೆಯಾಗಿತ್ತು.

ಈ ಸಲ ತಂಡ ಕಿಬಾಂಬಿಗೆ ಬಂದಾಗ ಬೇಸಿಗೆಯ ಕೊನೆ. ಹುಲ್ಲುಗಾಡು ಸುಟ್ಟ ಹೊಗೆ ಆಕಾಶಕ್ಕೆ ಅಂಟಿಕೊಂಡಿತ್ತು. ಇನ್ನು ಮೂರು ವಾರಕ್ಕೆ ಮಳೆ. ಕಿಬಾಂಬಿ ಅವನ ತಂಗಿ ಮಯಾಂಬ ಸೇರಿದ ಊರು. ಅಲ್ಲಿಯ ಆರೋಗ್ಯ ಕೇಂದ್ರದ ನರ್ಸು ಒನೊರೀನ್, ಇನ್ನೂ ಮೂವತ್ತು ತುಂಬದವಳು, ಕೆಲಸ ಶುರುವಾಗುವ ಮುಂಚೆಯೇ ಅವನನ್ನು ಪಕ್ಕಕ್ಕೆ ಕರೆದಳು.

"ಅಪ್ಪಾ, ಈಗ ಬಂದಿರೋದು ಮಾತ್ರೆ. ಹತ್ತು ದಿನ ನುಂಗಿದ್ರೆ ಆಯ್ತು. ಈ ಸಲ ನೀವು ಆ ಪಥ್ಯದ ಮಾತು ಎತ್ಬೇಡಿ. ಅದಕ್ಕೆ ಹೆದರಿ ಜನ ಬೆಂಚಿಗೇ ಬರಲ್ಲ."

"ನಾನು ಪಥ್ಯ ಹೇಳೋವಾಗ ನೀನು ನಿಮ್ಮವ್ವನ ಬೆನ್ನ ಮೇಲಿದ್ದೆ ಕಣಮ್ಮಾ."

"ಇದ್ದೆ. ಅದಕ್ಕೇ ಜನ ನನ್ನ ಮಾತು ಕೇಳಲ್ಲ, ನಿಮ್ಮ ಮಾತು ಕೇಳ್ತಾರೆ. ದಮ್ಮಯ್ಯ, ಸುಮ್ನಿರಿ."

ಸುಮ್ಮನಿದ್ದ. ಎರಡು ದಿನ ಕಳೆದರೂ ಬೆಂಚಿಗೆ ಅರ್ಧ ಊರೂ ಬರಲಿಲ್ಲ. ಮಯಾಂಬಳಂತೂ ಅತ್ತ ತಲೆ ಹಾಕಲಿಲ್ಲ. ಮೂರನೇ ದಿನ ಬೆಳಿಗ್ಗೆ ಅವನು ತಾನೇ ತಂಗಿಯನ್ನು ಹುಡುಕಿಕೊಂಡು ಹಳ್ಳಕ್ಕೆ ಇಳಿದ. ಮರಗೆಣಸು ನೆನೆಹಾಕುವ ಗುಂಡಿಗಳು ಅಲ್ಲಿದ್ದವು. ಹೆಂಗಸರು ಮೊಣಕಾಲು ನೀರಿನಲ್ಲಿ ನಿಂತು, ಹುಳಿತ ಗೆಣಸಿನ ಸಿಪ್ಪೆ ಸುಲಿಯುತ್ತಿದ್ದರು.

"ಏನೇ ಮಯಾಂಬ, ಮೂರು ದಿವಸದಿಂದ ತಂಡ ಬಂದು ಕೂತದೆ. ಬೆಂಚಿನ ತಾವ ನಿನ್ನ ನೆರಳೂ ಕಾಣ್ಲಿಲ್ವಲ್ಲ?"

"ನೆರಳು ಬೀಳಾಕೂ ಪುರುಸೊತ್ತು ಬೇಕು ಕಣಣ್ಣ. ಸುಟ್ಟ ಹೊಲ ಬಾಯ್ ಬುಟ್ಕಂಡು ಬಿದ್ದದೆ. ನಿಂಗೇನು, ಗಾಡೀಲಿ ಬತ್ತೀಯ, ಮಂದಿ ಕತ್ತು ಹಿಸುಕ್ತೀಯ, ಹೋಯ್ತೀಯ."

ನೀರಿನಂಚಿನಲ್ಲಿ ನೊಣ ಕೊಲ್ಲಲೆಂದು ಹೋದ ವರ್ಷ ತಂಡದವರು ಕಡ್ಡಿಗೆ ಕಟ್ಟಿ ನೆಟ್ಟ ನೀಲಿ ಬಟ್ಟೆಯ ತುಂಡುಗಳಿದ್ದವು. ಮಾಲೆಂಗೆ ಒಂದನ್ನು ಮುಟ್ಟಿ ನೋಡಿದ. ಹೊಸ ಅಂಗಿಯಂತೆ ಘಮಘಮ ಎನ್ನುತ್ತಿತ್ತು.

"ಇದೇನೇ ಇದು?"

"ವಾರ ವಾರ ಸೋಪು ಹಾಕಿ ಒಗೀತೀವಿ," ಎಂದಳು ಮಯಾಂಬ, ಬೆನ್ನು ನೆಟ್ಟಗೆ ಮಾಡಿ. "ದೊರೆಗಳು ಕೊಟ್ಟದ್ದು ಅಂತ ಕೊಳಕಾಗಿ ಬುಡಾಕಾಯ್ತದಾ? ಪಕ್ಕದೂರಿನೋರು ನೋಡು, ಕೆಸರು ಹತ್ತಿ ನಾರ್ತಾವೆ ಅವರವು."

"ಅಯ್ಯೋ ನಿನ್ನ ಮನೆ ಕಾಯ! ನೊಣ ಸಾಯೋ ಮದ್ದು ಇದ್ದದ್ದೇ ಆ ಬಟ್ಟೇಲಿ ಕಣೇ! ತೊಳೆದು ಮೀನಿಗೆ ಕುಡಿಸಿದ್ದೀರಲ್ಲೇ!"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಯಾರು ಹೇಳಿದ್ರು ನಮ್ಗೆ?" ಎಂದಳು ಮಯಾಂಬ. ಅಷ್ಟರಲ್ಲಿ ಅವಳ ಮುಂಗೈಯ ಮೇಲೆ ಒಂದು ನೊಣ ಬಂದು ಕೂತು, ರೆಕ್ಕೆಯ ಮೇಲೆ ರೆಕ್ಕೆ ಮಡಚಿಕೊಂಡಿತು. ಅವಳು ನೋಡದೆಯೇ ಹೊಡೆದು ನೀರಿಗೆ ಉದುರಿಸಿದಳು. ಮಾಲೆಂಗೆಯ ಕೈ ಆಗಲೇ ಅವಳ ಹೆಗಲೇರಿತ್ತು.

ಎಡಗಡೆ ಎರಡು ಗಂಟು. ಬೆರಳಿನಡಿ ಜಾರಿದವು, ಮತ್ತೆ ಸಿಕ್ಕವು. ಅವನು ಇನ್ನೊಮ್ಮೆ ನೋಡಿದ, ಬೆರಳು ಸುಳ್ಳಾಡಲಿ ಎಂದು ಮೊದಲ ಸಲ ಬಯಸಿದ.

"ತಲೆ ನೋಯ್ತದಾ?"

"ಹೊಗೆಗೆ ಯಾರ ತಲೆ ನೋಯಾಕಿಲ್ಲ?"

"ಮೈ ಕಡಿತ?"

ಅವಳು ಮತ್ತೊಂದು ಗೆಣಸು ಎತ್ತಿಕೊಂಡಳು. ಸೊಂಟದ ಬಟ್ಟೆಯ ಅಂಚಿನಲ್ಲಿ ಕೆರೆದ ಗೀರುಗಳಿದ್ದವು. ಮಾಲೆಂಗೆ ಅವಳ ಕೈ ಹಿಡಿದು ಬೆಂಚಿನವರೆಗೂ ಎಳೆದುಕೊಂಡೇ ಬಂದ.

ಒನೊರೀನ್ ಗಂಟಿಗೆ ಸೂಜಿ ಚುಚ್ಚಿ, ಒಂದು ಹನಿ ತೆಗೆದು ಗಾಜಿಗೆ ಹಚ್ಚಿ ನೋಡಿದಳು. ಬಹಳ ಹೊತ್ತು ಬೇಕಾಗಲಿಲ್ಲ. ಮಯಾಂಬಳನ್ನೂ ಕರೆದು ತೋರಿಸಿದಳು.

"ಇದೇನವ್ವ ಇದು, ಮೀನ್ಮರಿ ಹಂಗೆ ಒದ್ದಾಡ್ತಾ ಅವೆ?"

"ಅವೇ ಅಕ್ಕ. ಆದ್ರೆ ರೋಗ ಇನ್ನೂ ತಲೆಗೆ ಏರಿಲ್ಲ, ಮಾತ್ರೇಲೇ ಹೋಗುತ್ತೆ. ಹತ್ತು ದಿನ. ಹೊಟ್ಟೆ ತುಂಬ ಉಂಡು ನನ್ನ ಕಣ್ಣೆದುರಿಗೆ ನುಂಗ್ಬೇಕು, ಅಷ್ಟೆ."

"ಪಥ್ಯ?"

"ಯಾವ ಪಥ್ಯಾನೂ ಇಲ್ಲ."

ಸುತ್ತ ನಿಂತವರು ಕಿಸಕ್ಕೆಂದರು. ಮಯಾಂಬಳ ಗಂಡ ಗಿಫುಲು, ಹೆಗಲ ಮೇಲೆ ತಾಳೆಮರ ಹತ್ತುವ ಪಟ್ಟಿ ಹಾಕಿಕೊಂಡೇ ಬಂದವನು, ಮುಂದೆ ನುಗ್ಗಿದ. "ಭಾವ, ಆರು ತಿಂಗಳು ಹಾಸಿಗೆ ಬ್ಯಾರೆ ಅಂದ್ರೆ ನನ್ ಗತಿ ಏನು? ಅದು ಹಾಳಾಗ್ಲಿ ಅನ್ನು, ಹೊಲಕ್ಕೆ ಯಾರು ಗತಿ? ಗುದ್ದಲಿ ಹೆಂಗಸ್ರ ಕೆಲಸ. ನಾನು ಹಿಡಿದ್ರೆ ಊರು ನಗ್ತದೆ."

"ಗುದ್ದಲಿ ಹಿಡೀಬೋದು ಅಂದೆನಲ್ಲ!" ಒನೊರೀನಳ ದನಿ ಏರಿತು.

ಮಯಾಂಬ ನರ್ಸಿನ ಕಡೆ ತಿರುಗಲೇ ಇಲ್ಲ. "ನೀನು ಮೊನ್ನೆ ಮೊನ್ನೆ ಬಂದೋಳು ಕಣವ್ವ. ನಮ್ಮಣ್ಣ ಇಲ್ಲೇ ನಿಂತವ್ನೆ. ಅವನ ಬಾಯಲ್ಲಿ ಹೇಳ್ಸು. ಹೇಳಣ್ಣ, ಮಾತ್ರೆ ನುಂಗಿ ಬಿಸಿಲಲ್ಲಿ ಗೇದ್ರೆ ನಾನು ಸಾಯಾಕಿಲ್ಲ ಅಂತ ಹೇಳು. ನಿನ್ನ ಮಾತು ಸಾಕು."

ಮಾಲೆಂಗೆ ಬಾಯಿ ತೆರೆದ. ಆಸ್ಪತ್ರೆಯ ಆ ಒಂಬತ್ತು ಹಾಸಿಗೆಗಳು ಕಣ್ಣ ಮುಂದೆ ಸಾಲಾಗಿ ನಿಂತವು. ಹೇಳಿಬಿಟ್ಟು, ಇವಳು ಬಿಸಿಲಲ್ಲಿ ಸೆಟೆದು ಬಿದ್ದರೆ? ಹೇಳದೆ ಇದ್ದು, ಇವಳು ಮಾತ್ರೆಯನ್ನೇ ನುಂಗದಿದ್ದರೆ? ಟೋಪಿ ತೆಗೆದ, ಹಾಕಿಕೊಂಡ.

"ನೋಡಿದ್ರಾ," ಎಂದಳು ಮಯಾಂಬ. "ಬಿತ್ತನೆ ಆಗ್ಲಿ. ಫಸಲು ಬಂದ್ಮೇಲೆ ನೋಡನ." ಹಳ್ಳದ ಕಡೆಗೆ ಹೊರಟೇಬಿಟ್ಟಳು.

ಫಸಲು ಬರುವವರೆಗೆ ರೋಗ ಕಾಯುವುದಿಲ್ಲ ಎಂದು ಅವನಿಗಿಂತ ಚೆನ್ನಾಗಿ ಗೊತ್ತಿದ್ದವರು ಆ ಊರಲ್ಲಿ ಯಾರೂ ಇರಲಿಲ್ಲ. ಅವನು ಕೇಂದ್ರದ ಹಿಂದೆ ಮುಂದೆ ತಿರುಗಿದ. ಹಳ್ಳಕ್ಕೆ ಹೋದ, ವಾಪಸು ಬಂದ. ತಣ್ಣನೆಯ ಲುಕುವಿನ ಎಲೆ ಬಿಚ್ಚಿದ, ತಿನ್ನದೆ ಮಡಚಿದ. ಕೊನೆಗೆ ಒನೊರೀನಳ ಮುಂದೆ ಬಂದು ಕೂತ.

"ನಿಜ ಹೇಳು ಮಗಾ. ಆವತ್ತು ನನ್ನ ಕೋಣೇಲಿದ್ದ ಆ ಇಬ್ಬರು ಯಾಕೆ ಸತ್ರು?"

"ಔಷಧದಿಂದ ಅಪ್ಪಾ. ಅದರಲ್ಲಿ ಪಾಷಾಣ ಇತ್ತು. ನೂರು ಜನಕ್ಕೆ ಐದಾರು ಜನ ಅದರಿಂದಲೇ ಹೋಗ್ತಿದ್ರು. ತಣ್ಣಗೆ ತಿಂದೋರೂ ಹೋದ್ರು, ಬಿಸಿಯಾಗಿ ತಿಂದೋರೂ ಹೋದ್ರು."

"ಹಂಗಾದ್ರೆ ನಾನು ಬದುಕಿದ್ದು?"

"ನಿಮ್ಮ ಪುಣ್ಯ."

"ಇಪ್ಪತ್ತೆಂಟು ವರ್ಷ ಕಲ್ಲು ತಿಂದಿದ್ದೀನಿ ಕಣೇ!" ಎಂದು ಅವನು ಎದ್ದು ಕೂಗಿದ. "ಪುಣ್ಯವಂತೆ!"

ಅವಳು ತಲೆ ತಗ್ಗಿಸಿ ಮಾತ್ರೆ ಎಣಿಸತೊಡಗಿದಳು. ಅದೇ ಅವನನ್ನು ಹೆಚ್ಚು ಕೆಣಕಿತು. ಜಗಳವಾಡಿದ್ದರೆ ಗೆಲ್ಲಬಹುದಿತ್ತು.

ಮರುದಿನ ನಡುಮಧ್ಯಾಹ್ನ ಅವನು ತಂಗಿಯ ಹೊಲಕ್ಕೆ ಹೋದ. ಬೂದಿ ಹೊದ್ದ ನೆಲ, ಅರ್ಧ ಸುಟ್ಟ ಬೊಡ್ಡೆಗಳು, ಒಂದು ಹಿಡಿ ನೆರಳಿಲ್ಲ. ಮಯಾಂಬ ಬಗ್ಗಿ ಅಗೆಯುತ್ತಿದ್ದಳು. ಎರಡು ಏಟಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. ಅಕ್ಕಪಕ್ಕದ ಹೊಲದ ಹೆಂಗಸರು ತಲೆ ಎತ್ತಿದರು. ಮಾಲೆಂಗೆ ಟೋಪಿ ತೆಗೆದು ಬೊಡ್ಡೆಯ ಮೇಲಿಟ್ಟ. ಬೋಳುತಲೆಗೆ ಬಿಸಿಲು ತಾಗಿದ್ದೇ ಕಾದ ತವೆ ಕವಿಚಿದಂತಾಯಿತು.

"ಕೊಡು ಇಲ್ಲಿ ಗುದ್ದಲೀನ."

"ಹುಚ್ಚೇನಣ್ಣ ನಿಂಗೆ? ಟೋಪಿ ಹಾಕ್ಕೋ!"

"ಕೊಡು ಅಂದೆ."

ತಾಳೆಗೊನೆ ಕೊಯ್ದ ಕೈಗೆ ಹೆಂಗಸರ ಗಿಡ್ಡ ಕಾವಿನ ಗುದ್ದಲಿ ಒಗ್ಗಲಿಲ್ಲ. ಒಂದು ಏಟು ಮಣ್ಣಿಗೆ, ಒಂದು ಏಟು ಗಾಳಿಗೆ. ಪಕ್ಕದ ಹೊಲದಿಂದ ಯಾರೋ, "ಮಯಾಂಬ, ಹೊಸ ಸೊಸೆ ತಂದ್ಯೇನೆ? ಗಡ್ಡ ಅದಲ್ಲೇ ಇವಳಿಗೆ!" ಎಂದು ಕೂಗಿದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವನು ಕೇಳಿಸಿಕೊಳ್ಳಲಿಲ್ಲ. ಅವನ ಕಿವಿ ತನ್ನ ಎದೆಬಡಿತವನ್ನೇ ಕೇಳುತ್ತಿತ್ತು.

ಒಂದು ಸಾಲು ಮುಗಿಯುವ ಹೊತ್ತಿಗೆ ಅವಳೇ ಅವನ ಕೈಯಿಂದ ಗುದ್ದಲಿ ಕಿತ್ತುಕೊಂಡಳು. ಹೊಲದಂಚಿನಲ್ಲಿ ಮೂರು ಕಲ್ಲಿನ ಮೇಲೆ ಮಡಕೆ ಕುದಿಯುತ್ತಿತ್ತು. ಹಿಟ್ಟು ಸುರಿದು, ಕಟ್ಟಿಗೆಯ ಕೋಲಿನಲ್ಲಿ ತಿರುವಿ, ಹಬೆಯಾಡುವ ಮುದ್ದೆಯನ್ನು ಅವನ ಮುಂದಿಟ್ಟು, ಎಣ್ಣೆ ಹಾಕಿ ಬೇಯಿಸಿದ ಗೆಣಸಿನ ಸೊಪ್ಪನ್ನು ಪಕ್ಕಕ್ಕೆ ಬಡಿಸಿದಳು. ಎದುರಿಗೆ ಕೂತು ಅವನ ಮುಖವನ್ನೇ ನೋಡಿದಳು.

"ಬಿಸಿಲು ಆಯ್ತು, ಗುದ್ದಲಿ ಆಯ್ತು. ಈಗ ಉಣ್ಣು ನೋಡನ."

ಮಾಲೆಂಗೆ ತುತ್ತು ಮುರಿದ. ಬೆರಳು ಚುರ್ ಎಂದಿತು. ಬಾಯಿಗೆ ಹಾಕಿಕೊಂಡ, ಅಂಗುಳು ಸುಟ್ಟಿತು, ಕಣ್ಣಲ್ಲಿ ನೀರು ಬಂತು. ಬಿಸಿ ತುತ್ತನ್ನು ಬಾಯಲ್ಲಿ ಹೊರಳಿಸುವ ಉಪಾಯವೇ ಅವನಿಗೆ ಮರೆತುಹೋಗಿತ್ತು. ನುಂಗಿದ. ಅದು ಎದೆಗುಂಟ ಇಳಿಯುವುದು ಗೊತ್ತಾಯಿತು. ಮೈ ಸೆಟೆಯುವುದೇ ಎಂದು ಕಾದ. ಇನ್ನೊಂದು ತುತ್ತು ಮುರಿದ. ಮೂರನೆಯದಕ್ಕೆ ರುಚಿ ಹತ್ತಿತು, ಹತ್ತಿದ್ದಕ್ಕೆ ಭಯವೂ ಆಯಿತು.

"ಈಗ ನಂಬ್ತೀಯಾ?"

"ಒಂದು ದಿವಸಕ್ಕೆ ಯಾರು ಸತ್ತವ್ರೆ? ನಾಳೆ ಬಾ."

ಮರುದಿನವೂ ಹೋದ. ಅದರ ಮರುದಿನವೂ. ಅಂಗೈಯಲ್ಲಿ ಬೊಬ್ಬೆ ಎದ್ದಿತು, ತಲೆಯ ಚರ್ಮ ಸುಲಿಯಿತು, ಸಾವು ಮಾತ್ರ ಬರಲಿಲ್ಲ. ನಾಲ್ಕನೇ ದಿನ ಶನಿವಾರ, ತಂಡ ಮುಂದಿನ ಊರಿಗೆ ಹೊರಡುವ ದಿನ. ಮಯಾಂಬ ಹೇಳಿದಳು: "ನುಂಗ್ತೀನಿ. ಆದ್ರೆ ಹತ್ತು ದಿವಸ ನೀನೂ ಇಲ್ಲೇ ಇರ್ಬೇಕು. ನನ್ನ ಜೊತೆ ಬಿಸಿಯಾಗಿ ಉಂಡು, ನನ್ನ ಜೊತೆ ಬಿಸಿಲಲ್ಲಿ ಗೇಯ್ಬೇಕು. ಸಾಯೋದಾದ್ರೆ ಇಬ್ರೂ ಸಾಯನ."

ಇಪ್ಪತ್ತಾರು ವರ್ಷದಲ್ಲಿ ಅವನು ಒಂದು ಊರನ್ನೂ ತಪ್ಪಿಸಿದವನಲ್ಲ. ಗಾಡಿ ಧೂಳೆಬ್ಬಿಸಿಕೊಂಡು ಅವನಿಲ್ಲದೆ ಹೊರಟಾಗ ಅವನು ರಸ್ತೆಯ ಮಧ್ಯೆ ನಿಂತು ಎರಡು ಹೆಜ್ಜೆ ಅದರ ಹಿಂದೆಯೇ ಹೋದ, ಆಮೇಲೆ ನಿಂತ. ಅಲ್ಲಿ ಮುಂದಿನ ಊರಲ್ಲಿ ಯಾರ ಕುತ್ತಿಗೆಯನ್ನು ಯಾರು ನೋಡುತ್ತಾರೋ! ಸಂಜೆಯವರೆಗೂ ಅವನ ಬೆರಳುಗಳು ತಮ್ಮಷ್ಟಕ್ಕೆ ತೊಡೆಯ ಮೇಲೆ ಆಡುತ್ತಿದ್ದವು.

ಪ್ರತಿದಿನ ಒನೊರೀನ್ ಹೊಲಕ್ಕೇ ಬಂದು, ಮಯಾಂಬಳ ಊಟ ನೋಡಿ, ಮಾತ್ರೆ ಕೊಟ್ಟು, ಬಾಯಿ ತೆರೆಸಿ ನೋಡಿ ಹೋಗುತ್ತಿದ್ದಳು. ಗಿಫುಲು ದಿನಾ ಹಾದಿಯಿಂದಲೇ ವಿಚಾರಿಸುತ್ತಿದ್ದ: "ಭಾವ, ಬಿಸಿಲು ಸರಿ, ಗುದ್ದಲಿ ಸರಿ, ಲುಕು ಸರಿ. ಆ ನಾಲ್ಕನೇ ಪಥ್ಯಾನ ಯಾರು ಮುರಿದು ತೋರ್ಸೋದು?"

"ಮನೇಲಿ ಕೇಳೋ ಮೂಳ!"

ಮೂರನೇ ಮಾತ್ರೆಯ ದಿನ ಮಯಾಂಬ ಅಗೆಯುತ್ತಿದ್ದವಳು ಗುದ್ದಲಿ ಬಿಟ್ಟು ಬಗ್ಗಿ ವಾಂತಿ ಮಾಡಿಕೊಂಡಳು. ನೆಲ ಹಿಡಿದು ಕೂತಳು. ಮೈಯೆಲ್ಲ ಬೆವರು. ಪಕ್ಕದ ಹೊಲಗಳಲ್ಲಿ ಗುದ್ದಲಿಗಳ ಸದ್ದು ನಿಂತಿತು. ನೆರಳಿಗೆ ನಡಿ ಎಂಬ ಮಾತು ಮಾಲೆಂಗೆಯ ನಾಲಗೆಯ ತುದಿಗೆ ಬಂದುಬಿಟ್ಟಿತ್ತು. ಆ ಒಂದು ಮಾತು ಆಡಿದ್ದರೆ ಪಥ್ಯ ಮತ್ತೆ ನಿಜವಾಗುತ್ತಿತ್ತು, ಅವಳು ನಾಳೆಯ ಮಾತ್ರೆ ನುಂಗುತ್ತಿರಲಿಲ್ಲ. ಆಡದೆ ಇದ್ದು ಅವಳು ಅಲ್ಲೇ ಒರಗಿದರೆ?

"ಅಣ್ಣ, ಬಂತಲ್ಲ ಅದು," ಎಂದಳು ಅವಳು.

"ಏನೂ ಬಂದಿಲ್ಲ. ಹಂಗಾಯ್ತದೆ ಅಂತ ನರ್ಸಮ್ಮ ಮೊದ್ಲೇ ಹೇಳವ್ಳೆ. ನೆರಳಲ್ಲಿದ್ದೋರೂ ವಾಂತಿ ಮಾಡ್ತಾರೆ." ಅವಳಿಗೆ ನೀರು ಕುಡಿಸಿ, ಪಕ್ಕದಲ್ಲೇ, ಬಿಸಿಲಲ್ಲೇ ಕೂತ. ಅವಳ ಉಸಿರು ಎಣಿಸುತ್ತ ಕೂತ. ಒಂದು ಗಳಿಗೆಯಾದ ಮೇಲೆ ಅವಳು ಬಾಯಿ ಒರೆಸಿಕೊಂಡು, "ನೀನು ಆ ಸಾಲು ವಂಕರ ಮಾಡಿದ್ದೀಯ" ಎಂದಳು. ಅವನು ತಿರುಗಿ ನೋಡದೆ ಗುದ್ದಲಿ ಎತ್ತಿಕೊಂಡ. ಕಣ್ಣೀರು ಅವಳಿಗೆ ಕಾಣುವುದು ಬೇಡವಾಗಿತ್ತು.

ಹತ್ತನೇ ದಿನ ಕೊನೆಯ ಮಾತ್ರೆ ಮುಗಿಯಿತು. ಹೊಲಕ್ಕೆ ಕಡಲೆಕಾಯಿ, ಜೋಳ ಬಿದ್ದಿತ್ತು, ಗೆಣಸಿನ ಕಡ್ಡಿ ನೆಟ್ಟಾಗಿತ್ತು. ಇನ್ನೆರಡು ವರ್ಷ ಆಗಾಗ ನೋಡುತ್ತಿರಬೇಕು ಎಂದಳು ಒನೊರೀನ್. ಮಯಾಂಬ ಬಟ್ಟೆ ಬಿಗಿದು ಕಟ್ಟಿ ಅಣ್ಣನ ಮುಂದೆ ನಿಂತಳು. "ನನಗೊಬ್ಬಳಿಗೆ ತೋರ್ಸಿದ್ರೆ ಆಗ್ಲಿಲ್ಲ. ಹಾಕಿದ ಪಥ್ಯಾನ ಊರಿಗೇ ಬಿಡಿಸು."

ಗೆಲ್ಲಲು ಮಾತ್ರ ಕಲಿತ ಬಾಯಿ ಮಾಲೆಂಗೆಯದು. ಆದರೂ ಹೋದ. ಊರು ಸೇರಿಸಲೆಂದು ಮಾವಿನ ಮರಕ್ಕೆ ನೇತುಹಾಕಿದ್ದ ಲಾರಿಯ ಗಾಲಿಯ ಕಬ್ಬಿಣವನ್ನು ಬಡಿದ. ಜನ ಸೇರಿದರು. ಅವನ ಸುಲಿದ ಬೋಳುತಲೆ ಎಲ್ಲರಿಗೂ ಕಾಣುತ್ತಿತ್ತು.

"ನಾನು ಹೇಳಿದ ಪಥ್ಯ ತಪ್ಪು," ಎಂದ. "ಔಷಧ ಕೆಟ್ಟದಿತ್ತು, ಈಗ ಒಳ್ಳೇದು ಬಂದದೆ. ಬಿಸಿಯಾಗಿ ಉಣ್ಣಿ, ಗೇಯಿರಿ, ಮಾತ್ರೆ ನುಂಗಿ. ಖಾರ, ಜಗಳ ಅಂದಿದ್ದೆನಲ್ಲ, ಅವೆರಡೂ ನಾನೇ ಹುಟ್ಟಿಸಿದ್ದು."

ಗುಂಪಿನ ಹಿಂದಿನಿಂದ ಒಬ್ಬ ಮುದುಕಿ ಕೋಲೂರಿಕೊಂಡು ಮುಂದೆ ಬಂದಳು. ಖುಂಬಿ ಅವಳ ಹೆಸರು.

"ಹಂಗಾದ್ರೆ ನನ್ನ ಮಗ ಶಿಮುನ?" ಎಂದಳು. "ಹೊಸದಾಗಿ ಮದುವೆಯಾಗಿದ್ದ. ನಿನ್ನ ಆರು ತಿಂಗಳು ಕೇಳಿ, ಆಸ್ಪತ್ರೆಗೆ ಹೋಗೋ ದಿವಸ ಕಾಡಿಗೆ ಓಡಿದ. ಎರಡನೇ ಮಳೆಗೆ ಹೂತ್ವಿ. ಅವನು ಸುಮ್ನೆ ಸತ್ನಾ?"

ಹಣೆಬರಹ ಎನ್ನಬಹುದಿತ್ತು. ಹದಿನಾಲ್ಕು ವರ್ಷ ಅವನು ಹಾಗೆಯೇ ಅಂದುಕೊಂಡಿದ್ದ.

"ಹೂ ಕಣವ್ವ," ಎಂದ ಮಾಲೆಂಗೆ. "ನನ್ನ ಮಾತು ಕೇಳಿ ಸತ್ತ."

ಖುಂಬಿ ಕೋಲೂರಿ ಅವನ ಕಡೆ ಇನ್ನೊಂದು ಹೆಜ್ಜೆ ಇಟ್ಟಳು. ಉಗಿಯುತ್ತಾಳೆ, ಕೋಲು ಎತ್ತುತ್ತಾಳೆ ಎಂದು ಅವನು ಕಾದ. ಎತ್ತಿದ್ದರೆ ಹಗುರಾಗುತ್ತಿತ್ತು. ಅವಳು ನಿಧಾನವಾಗಿ ಹೋಗಿ, ತಂಡ ಮರದ ಕೆಳಗೆ ಬಿಟ್ಟುಹೋಗಿದ್ದ ಬೆಂಚಿನ ಮೇಲೆ ಕೂತಳು. ಮಗ ಸತ್ತ ಮೇಲೆ ಅವಳು ಆ ಬೆಂಚಿಗೆ ಬಂದದ್ದೇ ಇರಲಿಲ್ಲ. ತಲೆವಸ್ತ್ರ ಬಿಚ್ಚಿ, ಕತ್ತು ಬಗ್ಗಿಸಿದಳು.

"ನೋಡು ಮತ್ತೆ," ಎಂದಳು. "ಸರಿಯಾಗಿ ನೋಡು."

ಮಾಲೆಂಗೆ ಅವಳ ಹಿಂದೆ ಹೋಗಿ ನಿಂತ. ಬೊಬ್ಬೆ ಒಡೆದ ಬೆರಳುಗಳಿಗೆ ಚರ್ಮದಡಿ ಏನಿದೆ ಏನಿಲ್ಲ ಎಂದು ತಿಳಿಯಲಿಲ್ಲ. ಕೈ ತೆಗೆದು, ಅಂಗಿಗೆ ಒರೆಸಿಕೊಂಡು, ಕಿವಿಯ ಬುಡದಿಂದ ಮತ್ತೆ ಶುರುಮಾಡಿದ.